ಎಂಟನೆಯ ಅಚ್ಚು

ಹಗಲಿಡೀ ಈ ಮೇಜು ನನ್ನದಲ್ಲ.
ಬೆಳಿಗ್ಗೆ ಅತ್ತೆ ಲಮಾರಾಳ ಮೆಕ್ಕೆಜೋಳದ ಹಿಟ್ಟು,
ಮಧ್ಯಾಹ್ನ ನುತ್ಸಾಳ ಕಾಪಿ ಪುಸ್ತಕ, ಕಚ್ಚಿದ ರಬ್ಬರು,
ಸಂಜೆ ವ್ಯಾನು ನಿಲ್ಲಿಸಿ ಬಂದು
ಬೆಸಿಕ್ ಸುರಿಯುವ ಚಿಲ್ಲರೆ.
ಎಣಿಸುತ್ತಾನೆ, ತಪ್ಪುತ್ತಾನೆ, ಮತ್ತೆ ಮೊದಲಿಂದ.
ರಾತ್ರಿ ಹತ್ತೂವರೆಗೆ
ಒದ್ದೆ ಬಟ್ಟೆಯಲ್ಲೊಮ್ಮೆ ಒರೆಸಿದರೆ
ಅದು ನನ್ನ ಕಮ್ಮಟ.
ಒಂದು ಕಾಲು ಕುಂಟು. ಅಡಿಗೆ ಮಡಚಿಟ್ಟ ಸಿಗರೇಟು ಪ್ಯಾಕು.

ಕುತಾಯಿಸಿಯಲ್ಲಿ ಮಾರ್ಚಿ ಎಂದರೆ ಗಾಳಿ.
ಕಿಟಕಿ ಸಂದಿಗೆ ಹಳೇ ಕಾಲುಚೀಲ ತುರುಕಿ
ಉಳಿ ಮಸೆಯುತ್ತೇನೆ, ಸದ್ದಾಗದಂತೆ.
ಗೋಡೆಯಾಚೆ ಮೂವರದು ಮೂರು ಬಗೆಯ ಉಸಿರು.
ಟಿಬಿಲಿಸಿಯಿಂದ ಪತ್ರ: ತಿಂಗಳ ಕೊನೆಗೆ ಎಂಟು ಅಚ್ಚು.
ಏಳು ಮುಗಿದಿವೆ,
ಹಗ್ಗದ ಮೇಲೆ ಒಣಗುತ್ತಿವೆ
ಮಗುವಿನ ಚಡ್ಡಿಗಳ ಪಕ್ಕ.

ಎಂಟನೆಯದಕ್ಕೆ ಚೆರ್ರಿ ಹಲಗೆ.
ಅಪ್ಪನ ಹಿತ್ತಿಲಲ್ಲಿ ಬಿದ್ದ ಮರ;
ಎರಡು ವರ್ಷ ನನ್ನ ಮಂಚದಡಿ ಸುಮ್ಮನೆ ಮಲಗಿತ್ತು.
ಹಸಿ ಮರ ಕೆತ್ತಿದರೆ ಸೀಳುತ್ತದೆ, ಅನ್ನುತ್ತಿದ್ದ ಅಪ್ಪ.
ಮರಕ್ಕೆ ಅಷ್ಟು ಬಿಡುವು ಕೊಟ್ಟವಳು
ಅದೇ ಮಂಚದ ಮೇಲೆ ಎಷ್ಟು ಮಲಗಿದೆ,
ಲೆಕ್ಕವಿಟ್ಟಿಲ್ಲ.

ಹಲಗೆಯಲ್ಲಿ ಅತ್ತೆಯ ಎರಡು ಕೈ, ಚೀಸ್ ಮುರಿಯುತ್ತ,
ಗೆಣ್ಣು ಗೆಣ್ಣಿಗೂ ಗೆರೆ.
ಕೆಳಗೊಂದೇ ಮಾತು: ನಾಳೆ.
ನಮ್ಮ ಅಕ್ಷರಗಳೋ ಉಂಡೆಯುಂಡೆ, ಬಾಲ ಬಂದ ಬಳ್ಳಿ;
ಕನ್ನಡಿಯೊಳಗಿನ ಹಾಗೆ ಹಿಂದುಮುಂದಾಗಿ ಕೆತ್ತಬೇಕು.
ನೋಡಿ ನೋಡಿ ನುತ್ಸಾಳೂ ಹಾಗೇ ಬರೆಯುತ್ತಾಳೆ.
ಟೀಚರು ಕರೆಸಿ ಕೇಳಿದರು,
"ಮನೆಯಲ್ಲಿ ಹೀಗೆ ಬರೆಯುವವರು ಯಾರಾದರೂ ಇದ್ದಾರಾ?"
ಕೈ ಎರಡೂ ಜೇಬಿನೊಳಗಿಟ್ಟು
ಇಲ್ಲವೆಂದೆ.

ಇಪ್ಪತ್ತಾರನೇ ರಾತ್ರಿ.
ಬಲಗೈ ಹೆಬ್ಬೆರಳಿನ ಉಗುರೊಂದು ಬಾಕಿ.
ಕಣ್ಣು ಮುಚ್ಚಿದ್ದು ಒಂದೇ ಗಳಿಗೆ;
ಎದ್ದರೆ ಬೆಳಕು, ಹೆಗಲ ಮೇಲೆ ಯಾರದೋ ಶಾಲು,
ಕೆನ್ನೆಗಂಟಿದ ಹೆಪ್ಪಳಿಕೆ.
ಹಲಗೆ?
ಒಲೆಯ ಪಕ್ಕ. ಅದರ ಮೇಲೆ ಕಾದ ಮಣ್ಣಿನ ಹೆಂಚು.
ಹೊಗೆಯೊಳಗಿಂದ ಅತ್ತೆ:
"ಮೇಜು ಸುಡಬಾರದಲ್ಲ, ಮಗಳೇ."

ಎಡಗೈ ಕರಕಲು. ನಡುವೆ ಕೂದಲೆಳೆಯ ಬಿರುಕು.
ನಾಳೆ ಮಾತ್ರ ಹಾಗೇ ಇತ್ತು.
ಕೂಗಾಡಿದೆ. ಹನ್ನೊಂದು ವರ್ಷದ್ದೆಲ್ಲ ತೆಗೆದು ಆಡಿದೆ.
ಬೆಸಿಕ್ ಶೂ ಹುಡುಕುವ ನೆಪದಲ್ಲಿ ಮಂಚದಡಿ ಹೊಕ್ಕ.

ರಿಯೋನಿ ದಂಡೆಗೆ ಹೋದೆ.
ಬಿಳಿ ಕಲ್ಲುಗಳ ನಡುವೆ ಹಿಮ ಕರಗಿದ ನೀರು, ಬೂದುಹಸಿರು.
ಏನಾದರೂ ಹೊಳೆದೀತೆಂದು ಕೂತೆ.
ಏನೂ ಹೊಳೆಯಲಿಲ್ಲ.
ಬೀದಿನಾಯಿಯೊಂದು ಬಂತು, ಮೂಸಿತು,
ನನ್ನ ಪಾದದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯಿತು.
ಎಬ್ಬಿಸಲು ಮನಸ್ಸಾಗದೆ ಮಧ್ಯಾಹ್ನದವರೆಗೂ ಕೂತಿದ್ದೆ.
ಜೇಬಿನಲ್ಲಿ ಪೆನ್ಸಿಲಿತ್ತು.
ತೆಗೆಯಲಿಲ್ಲ.

ಏಳನ್ನೇ ಸುತ್ತಿ ಕಳಿಸಿದೆ
ಬೆಸಿಕನ ವ್ಯಾನಿನಲ್ಲಿ, ಆಲೂಗಡ್ಡೆ ಮೂಟೆಗಳ ಮೇಲೆ.
ಎಂಟನೆಯ ಮೊಳೆ ಖಾಲಿಯಿತ್ತಂತೆ;
ಯಾರೋ ಟೋಪಿ ನೇತುಹಾಕಿದರಂತೆ.
ಉದ್ಘಾಟನೆಯ ದಿನ ನಾನು ಮಲಗಿದ್ದೆ,
ಹಗಲಲ್ಲಿ, ಬಾಗಿಲು ಹಾಕಿಕೊಂಡು,
ಕದ್ದು ತಿನ್ನುವವಳ ಹಾಗೆ.

ಹಲಗೆ ಈಗ ಅತ್ತೆಯದು.
ಮೊನ್ನೆ ಅವಳು ತಟ್ಟಿದ ರೊಟ್ಟಿ
ಹೆಂಚು ಕಾಯುವ ತನಕ ಅದರ ಮೇಲೆ ಕೂತಿತ್ತು.
ಬೆಂದು ತಟ್ಟೆಗೆ ಬಂದಾಗ
ಒಂದು ಕೈ, ಒಂದು ಬಿರುಕು,
ಕೆಳಗೆ ನೆಟ್ಟನೆಯ ತಗ್ಗು ಅಕ್ಷರ.
ನುತ್ಸಾ ಬೆರಳಿಟ್ಟು ಓದಿದಳು,
"ಅಮ್ಮಾ, ಇದು ಸರಿಯಾಗಿದೆ"
ಎಂದು ಆ ಮೂಲೆಯನ್ನೇ ಮುರಿದುಕೊಂಡಳು.

ಒಂದೇ ಪ್ರತಿ. ಸಹಿಯಿಲ್ಲ.
ಉಗುರಿಲ್ಲದ ಹೆಬ್ಬೆರಳು ಬೆಸಿಕನ ಪಾಲಿಗೆ ಬಂತು.
ಅಗಿದು, ಯೋಚಿಸಿ,
ಉಪ್ಪು ಕಮ್ಮಿ ಅಂದ.