ಸೋಮವಾರದ ಅಳತೆ

ಸೋಮವಾರ, ಹಾಲು ಕರೆದಾದ ಮೇಲೆ,
ಕೊನ್‌ಲೆತ್ ಬಿಟ್ಟುಹೋದ ಅಳತೆಗೋಲು ಹಿಡಿದು
ಹದಿನೇಳು ಹೊಲ ಸುತ್ತುತ್ತೇನೆ.
ಹೊಲಕ್ಕೆ ಮೂವತ್ತು ಸಲ
ಹುಲ್ಲಿನ ನೆತ್ತಿಗೆ ತಟ್ಟೆ ಮುಟ್ಟಿಸಿ ಕೇಳುತ್ತೇನೆ:
ಎಷ್ಟಾದೆ?

ಫೆಬ್ರವರಿಯಲ್ಲಿ ಅದು ಬಾಯೇ ಬಿಡುವುದಿಲ್ಲ.
ಮಣ್ಣಿಗೆ ಆರು ಡಿಗ್ರಿ ಬಿಸಿ ತಾಗಿದರೆ
ರೈಹುಲ್ಲು ಗೊಣಗುತ್ತ ಏಳುತ್ತದೆ.
ಬಿಳಿ ಕ್ಲೋವರ್ ಹಾಗಲ್ಲ,
ಎಂಟೊಂಬತ್ತು ಆಗದೆ ಹೊದಿಕೆ ಸರಿಸದು.
‘ಏಪ್ರಿಲ್ಲಿನ ಹಸಿವಿಗೆ ಆಗದ್ದು
ಜುಲೈನಲ್ಲಿ ಹೂಬಿಟ್ಟರೆಷ್ಟು, ಬಿಡದಿದ್ದರೆಷ್ಟು?’
ಎನ್ನುತ್ತಿದ್ದ ಮೈದುನ ಮ್ಯಾಲಕಿ,
ಯೂರಿಯಾ ಚೀಲದ ಮೇಲೆ ಕೂತು.

ಚೀಲದ ಬೆಲೆ ಏರಿತು. ಅವನು ಇಳಿದ.

ಜೂನ್ ಕೊನೆಗೆ, ಸೈಲೇಜಿಗೆ ಕೊಯ್ದ ಮರುದಿನ,
ಬೋಳುತಲೆಯಂತಿದ್ದ ಸುಣ್ಣದಗೂಡಿನ ಹೊಲಕ್ಕೆ
ರಾಗಿಗಿಂತ ಸಣ್ಣ ಬೀಜ ಎರಚಿದೆವು,
ಎಕರೆಗೆ ಎರಡೇ ಕಿಲೋ.
ಮಳೆ ಬಂತು. ಟಿಪರರಿಯಲ್ಲಿ ಅದೊಂದನ್ನು ಬೇಡಬೇಕಿಲ್ಲ.
ಆ ವರ್ಷ ಏನೂ ಕಾಣಲಿಲ್ಲ.
ಮರುವರ್ಷ ಅಲ್ಲೊಂದು ಇಲ್ಲೊಂದು,
ಯಾರೋ ಬೀಳಿಸಿಕೊಂಡ ಗುಂಡಿಗಳ ಹಾಗೆ.
ಮೂರನೆಯ ಬೇಸಿಗೆ ಹೊಲವೆಲ್ಲ ಬಿಳುಪು, ಜೇನಿನ ಗದ್ದಲ,
ರೈಹುಲ್ಲು ತೆನೆ ಕಟ್ಟಿ ಒರಟಾದ ಹೊತ್ತಿಗೆ
ಇದು ಇನ್ನೂ ಎಳಸು.

ಆಗಸ್ಟಿನ ಒಂದು ಒದ್ದೆ ಮುಂಜಾನೆ
ಹಸಿದ ಹಸುಗಳನ್ನು ಅಲ್ಲಿಗೆ ಬಿಟ್ಟವಳು ನಾನೇ.
ಗಂಟೆಯೊಳಗೆ ಇನ್ನೂರ ಹನ್ನೆರಡರ ಎಡಪಕ್ಕೆ
ನಗಾರಿಯಾಗಿ ಬಿಗಿಯಿತು.
ಮ್ಯಾಲಕಿ ಗೇಟು ಹಾರಿ ಬಂದ, ಗೊಳವೆ ಚುಚ್ಚಿದ.
ಬುಸ್ಸೆಂದು ನೊರೆ, ಗಾಳಿ, ಹುಳಿತ ಹುಲ್ಲಿನ ನಾತ.
ಹಸು ನನ್ನ ಮುಖ ನೋಡಿತು, ಮೆಲ್ಲಗೆ ಎದ್ದಿತು.

‘ಹೇಳಿರಲಿಲ್ಲವಾ?’ ಎಂಬ ಮಾತಿಗೆ ಕಾದೆ.
ಅವನು ಮಂಡಿಯೂರಿ ಒಂದು ಹೆಂಟೆ ಕಿತ್ತು
ಬೇರಿನ ಪುಟ್ಟ ಗಂಟನ್ನು ಉಗುರಲ್ಲಿ ಸೀಳಿದ.
ಒಳಗೆ ತಿಳಿಗೆಂಪು.
‘ಇದಕ್ಕೂ ರಕ್ತ ಇದೆಯಾ?’
ನನಗೆ ಗೊತ್ತಿರಲಿಲ್ಲ. ಇಬ್ಬರೂ ನೋಡುತ್ತ ಕೂತೆವು,
ಕೈ ತೊಳೆಯುವುದನ್ನೂ ಮರೆತು.

ಈಗ ನವೆಂಬರ್.
ಎಲ್ಲ ಹೊಲ ಮುಚ್ಚಿದ ಮೇಲೆ ಆ ಹೊಲ.
ಹುಲ್ಲು ಎತ್ತರ ಬಿಟ್ಟರೆ ನೆರಳಿಗೇ ಸಾಯುತ್ತದಂತೆ ಕ್ಲೋವರ್.
ನಾಲ್ಕು ಸೆಂಟಿಮೀಟರಿಗೆ ಮೇಯಿಸಿ ಬಿಟ್ಟಿದ್ದೇವೆ,
ಚಳಿಗಾಲದ ಅಷ್ಟಿಷ್ಟು ಬೆಳಕು
ನೆಲಕ್ಕಂಟಿದ ಹಂಬಿಗೆ ತಾಕಲಿ ಅಂತ.

ಉಳಿದ ಬೀಜವನ್ನು ಮ್ಯಾಲಕಿ
ಇಲಿಗೆ ಎಟುಕದ ಹಾಗೆ
ಹಾಲಿನ ಕೋಣೆಯ ಮೊಳೆಗೆ ತೂಗುಹಾಕಿದ್ದಾನೆ,
ಇನ್ನೂ ಯಾರೂ ತೆಗೆಯದ ಕೋಟಿನ ಮೇಲೆ.

ಈ ವಾರದ ಬೆಳವಣಿಗೆ: ಒಂಬತ್ತು.
ಬರೆದು, ಪೆನ್ಸಿಲನ್ನು
ಅದರ ಜೇಬಿಗೇ ಹಾಕಿದೆ.