ಒಂದು ಪಾಯಿಂಟು

ಗೆಲುವು ಮುಖ್ಯವಲ್ಲ ಎಂಬ ಮಾತು
ಪ್ರಿನ್ಸಿಪಾಲರ ಭಾಷಣಕ್ಕಿರಲಿ.
ನನಗೆ ಗೆಲುವು ಬೇಕು.
ದಾವಣಗೆರೆಯ ಈ ಬಿರುಕು ಸಿಮೆಂಟಿನ ಮೇಲೆ
ಇಪ್ಪತ್ತೆರಡು ವರ್ಷ ಸೀಟಿ ಕಚ್ಚಿ ನಿಂತದ್ದು
ಗಾಳಿ ಸೇವನೆಗಲ್ಲ.

ಮೊನ್ನೆ ದುರ್ಗದಲ್ಲಿ ಫೈನಲ್ಲು.
ಹನ್ನೊಂದು ಸೆಕೆಂಡು, ಒಂದು ಪಾಯಿಂಟು ಹಿಂದೆ.
ಚೆಂಡು ಗೆರೆ ದಾಟಿತು;
ರೆಫರಿ ನಮ್ಮ ಕಡೆಗೇ ಕೈ ತೋರಿದ.
ಮಂಡಕ್ಕಿ ಭಟ್ಟಿ ಓಣಿಯ ಸುಮೈಯಾ
ಯಾರೂ ಕೇಳದಿದ್ದರೂ ಬೆರಳೆತ್ತಿದಳು:
‘ಸರ್, ನನಗೇ ತಾಗಿ ಹೋಯ್ತು.’

‘ಸುಮ್ನಿರೇ’ ಎಂಬುದು
ನನ್ನ ಗಂಟಲವರೆಗೆ ಬಂದಿತ್ತು.
ಬರಲಿಲ್ಲ ಎಂದು ಬರೆದರೆ
ಕವಿತೆ ಚೆನ್ನಾಗಿರುತ್ತಿತ್ತು.

ಸೋತೆವು.
ಭರಮಸಾಗರ ದಾಟುವತನಕ
ಬಸ್ಸಿನಲ್ಲಿ ಎಂಜಿನ್ನಿನದೊಂದೇ ಮಾತು.
ಹೊರಗೆ ಗಾಳಿಯಂತ್ರಗಳು
ಯಾರನ್ನೂ ಸೋಲಿಸದೆ ಸುತ್ತುತ್ತಿದ್ದವು.
ಆಮೇಲೆ ಹಿಂದಿನ ಸೀಟಿನಲ್ಲಿ ಯಾರೋ:
‘ಆ ಏಳನೇ ನಂಬರಿನವಳ ಎಡಗೈ ನೋಡಿದ್ಯೇನೇ?’
ಶುರುವಾಯಿತು ಜಗಳ,
ಅವಳನ್ನು ಹೇಗೆ ತಡೆಯಬೇಕಿತ್ತು ಎಂದು,
ಮಿರ್ಚಿಯ ಪೊಟ್ಟಣ ಕೈಯಿಂದ ಕೈಗೆ ಪಾಸಾಗುತ್ತ.
ಹೊಗಳಿಕೆಯೋ ಹೊಟ್ಟೆಕಿಚ್ಚೋ,
ಎರಡೂ ಒಂದೇ ಎಣ್ಣೆಯಲ್ಲಿ ಬೆಂದಂತಿತ್ತು.

ರಾತ್ರಿ ನನಗೆ ನಿದ್ದೆಯಿಲ್ಲ.
ಬೆಳಗ್ಗೆ ಐದೂವರೆಗೆ
ಗೇಟಿನ ಬೀಗದ ಕೈ ಹುಡುಕುವಾಗಲೇ
ಒಳಗಿಂದ ಚೆಂಡಿನ ಸದ್ದು.
ಕಾಂಪೌಂಡು ಹಾರಿ ಬಂದಿದ್ದಾಳೆ.
ಎಡಗೈಯಲ್ಲಿ ಪುಟಿಸುತ್ತ, ಬಿಟ್ಟುಕೊಳ್ಳುತ್ತ,
ಓಡಿ ಹಿಡಿಯುತ್ತ.

ಅವಳು ಕ್ಷಮೆ ಕೇಳಲಿಲ್ಲ.
ನಾನು ಶಭಾಷ್ ಅನ್ನಲಿಲ್ಲ.
‘ಮೊಣಕಾಲು ಬಗ್ಗಿಸು,’ ಎಂದೆ.