ದೊಡ್ಡ ನಂಬರು

ಹಾವೇರಿ. ಕೋರ್ಟಿನ ಹಿಂದಿನ ಕಟ್ಟಡ, ಎರಡನೇ ಮಹಡಿ.
ಮಧ್ಯಾಹ್ನದಿಂದ ಒಂದೇ ಸಾಲು
ಹೊಡೆಯುತ್ತಿದ್ದೇನೆ, ಅಳಿಸುತ್ತಿದ್ದೇನೆ.
"ಕೊಲ್ಲುವ ಉದ್ದೇಶದಿಂದ" ಅನ್ನುತ್ತಾರೆ ಸಾಹೇಬರು.
ಕನ್ನಡಕ ತೆಗೆದು ಒರೆಸಿಕೊಂಡು,
"ಬ್ಯಾಡ, ತಗೀರಿ ಕಸ್ತೂರಕ್ಕ,
ಸಾಯಬಹುದೆಂಬ ಅರಿವಿದ್ದೂ, ಅಂತ ಹಾಕ್ರಿ."
ಹಾಕಿದೆ. ಮತ್ತೆ ತೆಗೆದೆ.
ಇಪ್ಪತ್ತಾರು ವರ್ಷದ ನೌಕರಿಯಲ್ಲಿ
ಒಂದು ಪದ ಇಷ್ಟು ಸಲ ಸತ್ತು ಹುಟ್ಟಿದ್ದು ಕಂಡಿಲ್ಲ.

ಸತ್ತವನು ಹಜರೇಸಾಬ ನದಾಫ,
ಬ್ಯಾಡಗಿ ಪೇಟೆಯ ಹಮಾಲ,
ಹಿತ್ತಾಳೆ ಬಿಲ್ಲೆಯ ನಂಬರು ಎರಡುನೂರಾ ಹದಿನೆಂಟು.
ಎರಡು ಚೀಲ ಮೆಣಸಿನಕಾಯಿ ಕಾಣೆಯಾದ ರಾತ್ರಿ
ಕೇಳುವುದಿದೆ ಬಾ ಎಂದು ಕರೆದೊಯ್ದರು.
ಬೆಳಿಗ್ಗೆ ಆರಕ್ಕೆ ಠಾಣೆಯ ದಿನಚರಿಯಲ್ಲಿ
ಪಿಎಸ್‌ಐ ಸ್ವಂತ ಕೈಯಿಂದ:
"ಎದೆನೋವು ಎಂದನು. ನೀರು ಕೊಡಲಾಯಿತು."
ಎಷ್ಟು ದುಂಡಗಿನ ಅಕ್ಷರ!
ಕಾಪಿ ಬರೆಸಿದ ಮಾಸ್ತರು ಯಾರೋ,
ಗೆಣ್ಣಿಗೆ ಕೊಟ್ಟೇ ತಿದ್ದಿರಬೇಕು ಈ ಕೈಯನ್ನು.

ಅದು ಜೂನ್ ಇಪ್ಪತ್ತೊಂಬತ್ತು.
ಇನ್ನೆರಡು ದಿನ ತಡೆದಿದ್ದರೆ
ಹೊಸ ಕಾಯ್ದೆ, ಹೊಸ ನಂಬರು ಸಿಗುತ್ತಿತ್ತು.
ತಡೆಯಲಿಲ್ಲ.
ಹಾಗಾಗಿ ಮೇಜಿನ ಮೇಲೆ ಹಳೇ ಪುಸ್ತಕ,
ಬೆನ್ನು ಬಿಚ್ಚಿಕೊಂಡದ್ದು,
ಮುನ್ನೂರಾ ಎರಡೋ, ಮುನ್ನೂರಾ ನಾಲ್ಕೋ.

"ಅಂಗಾಲಿಗೆ ಹೊಡಿಯಾಂವ
ಕೊಲ್ಲಾಕ ಹೊಡಿಯೂದಿಲ್ಲ," ಅಂದರು ಸಾಹೇಬರು,
"ಬಾಯಿ ಬಿಡಸಾಕ ಹೊಡೀತಾನ."
ಕಿರಿಯ ವಕೀಲೆ ಸುನಂದಾ ಬಾರ್ಕಿ
ಏನೂ ಅನ್ನದೆ ಒಂದು ಚೀಟಿ ಮುಂದಿಟ್ಟಳು.
ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಉದ್ರಿ ಲೆಕ್ಕ.
ಹನ್ನೊಂದೂವರೆಗೆ ನಾಲ್ಕು ಚಹಾ.
ಒಂದೂ ಕಾಲಿಗೆ ನಾಲ್ಕು ಚಹಾ, ಒಂದು ಬಿಸ್ಕಿಟ್ ಪುಡಿಕೆ.
"ಸಿಟ್ಟಿನ ಭರದಾಗ ಅಂತ ಅವ್ರು ವಾದ ಮಾಡ್ತಾರ, ಸರ್.
ಚಹಾ ಆರೂತನಕ ಸಿಟ್ಟು ಆರಲಿಲ್ಲೇನು?"

ನಾಲ್ಕು ಮಂದಿಗೆ ನಾಲ್ಕು ಕಪ್ಪು.
ಐದನೆಯವನು ಒಳಕೋಣೆಯಲ್ಲಿದ್ದ.

ಫ್ಯಾನು ತಿರುಗಿತು. ಸಾಹೇಬರು ಕೆಟ್ಟವರಲ್ಲ.
ಕೋರ್ಟಿನಲ್ಲಿ ನಿಲ್ಲದ ನಂಬರು ಹಾಕಿ
ಪೂರಾ ಬಿಟ್ಟು ಕಳಿಸಿದ ಕೇಸು ಅವರ ಹೊಟ್ಟೆಯಲ್ಲಿ ಎರಡಿವೆ.
ನಾನು ಬರೀ ಬೆರಳು. ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಅನ್ನುತ್ತಿದ್ದೆ:
ನಮ್ಮ ಕಡೆ ಮೆಣಸಿನಕಾಯಿ ಮುರಿದ ಕೈ
ಕಣ್ಣಿಗೆ ಒಯ್ಯುವುದಿಲ್ಲ ಯಾರೂ,
ಮೂರು ವರ್ಷದ ಕೂಸಿಗೂ ಇದೆ ಅಷ್ಟು ಅರಿವು.
ಅದೇ ಕೈಯನ್ನು ಇನ್ನೊಬ್ಬರ ಕಣ್ಣಿಗೆ ಒತ್ತಿ,
ಚೀರಿದ ಮೇಲೂ ಒತ್ತಿ,
ಚೀರುವುದು ನಿಂತ ಮೇಲೂ ತೆಗೆಯದಿದ್ದರೆ
ಇನ್ನೂ ಬರೀ ಅರಿವೇ ಏನು ಅದು?

ತಂಬಿಗೆ ಹಿಡಿದು ಹೊರಗೆ ಬಂದೆ.
ನಳದ ಪಕ್ಕದ ಬಾಕಿನ ಮೇಲೆ ರಾಜಮಾ,
ಸೆರಗಿನ ಗಂಟಿನಲ್ಲಿ ಆ ಬಿಲ್ಲೆ.
"ನಂಬರ ಬರದ್ರೇನ್ರೀ ಅಕ್ಕಾರ?"
"ಇನ್ನೂ ಇಲ್ಲ. ಎರಡರೊಳಗ ಒಂದು."
ಯಾವ ಯಾವವು ಅಂದಳು, ಹೇಳಿದೆ.
ಬೆರಳು ಮಡಚಿ ಎಣಿಸಿದಳು,
ಲಾರಿಗೆ ಏರುವ ಚೀಲ ಎಣಿಸುವ ಹಾಗೆ.
"ಮುನ್ನೂರಾ ನಾಕ ದೊಡ್ಡದಲ್ರೀ?
ಅದನ್ನ ಹಾಕ್ರಿ ಮತ್ತ.
ಎರಡು ಹೆಚ್ಚಿಗಿ ಆತು."

ಇಲ್ಲಿ ಸಣ್ಣ ನಂಬರಿಗೇ ತೂಕ ಹೆಚ್ಚವ್ವಾ,
ಅನ್ನಬೇಕಿತ್ತು.
ತಂಬಿಗೆ ತುಂಬಿ ನೀರು ಪಾದದ ಮೇಲೆ ಚೆಲ್ಲುತ್ತಿತ್ತು.
ಅಂಗಾಲು ತಣ್ಣಗಾಯಿತು, ಸರಕ್ಕನೆ ಹಿಂದೆ ಸರಿದೆ.

ಒಳಗೆ ಬೆಳಕಿನ ಪರದೆಯ ಮೇಲೆ
"ಮುನ್ನೂರಾ" ತನಕ ಬಂದು ನಿಂತಿತ್ತು ಸಾಲು,
ಮುಂದೆ ಸಣ್ಣ ಗೆರೆ ಮಿಟುಕುತ್ತಿತ್ತು.
ಸಾಹೇಬರು ಪುಟ ಮಗುಚುತ್ತ, ತಲೆ ಎತ್ತದೆ,
"ಚಹಾ ಹೇಳ್ರಿ ಕಸ್ತೂರಕ್ಕ, ಮೂರು."

ಕಿಟಕಿಯಿಂದ ಬಗ್ಗಿ ಹುಡುಗನಿಗೆ
ನಾಲ್ಕು ಅಂದೆ.
ಒಂದು ಹೊರಗೆ, ಬಾಕಿನ ಮೇಲೆ ಕೂತವರಿಗೆ.
ಮೊದಲು ಅವರಿಗೆ ಕೊಡು.
ಬಿಸಿ ಇರಲಿ.